ಮಂಗನ ಕಾಯಿಲೆ, ಅಡಿಕೆ, ಎಲೆಚುಕ್ಕೆ: ಸಂಶೋಧನಾ ಪ್ರಬಂಧವನ್ನು ನಾವೇ ತೆರೆದು ಓದುವ ಬಗೆ

"ಅಡಿಕೆಯಿಂದ ಕ್ಯಾನ್ಸರ್: ಹೊಸ ಸಂಶೋಧನೆ" ಎಂಬ ಸುದ್ದಿ ಬೆಳಿಗ್ಗೆ ಬರುತ್ತದೆ. ಸಂಜೆಯ ಹೊತ್ತಿಗೆ ಅದೇ ವಾಟ್ಸಾಪ್ ಗುಂಪಿಗೆ "ಅಡಿಕೆಯಲ್ಲಿ ಔಷಧೀಯ ಗುಣ: ವಿಜ್ಞಾನಿಗಳು" ಎಂದು ಇನ್ನೊಂದು ಬಂದು ಬೀಳುತ್ತದೆ. ತೀರ್ಥಹಳ್ಳಿ, ಸಾಗರದ ತೋಟದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ, ಕವಳ (ಎಲೆಯಡಿಕೆ) ಹಾಕುವವರಿಗೆ ಜೀವದ ಪ್ರಶ್ನೆ. ಎರಡೂ ಸುದ್ದಿಯ ಹಿಂದೆ ನಿಜವಾದ ಪ್ರಬಂಧ ಇರಬಹುದು. ಎರಡೂ ತಮ್ಮ ತಮ್ಮ ಮಿತಿಯೊಳಗೆ ಸರಿಯೂ ಇರಬಹುದು. ಆ ಮಿತಿ ಎಲ್ಲಿಯವರೆಗೆ ಎಂಬುದು ಸುದ್ದಿಯಲ್ಲಿ ಸಿಗುವುದಿಲ್ಲ. ಪ್ರಬಂಧದ ಒಳಗೆ, ಎರಡನೇ ಪುಟದಲ್ಲೋ ಒಂದು ಕೋಷ್ಟಕದ ಕೆಳಗಿನ ಸಣ್ಣಕ್ಷರದಲ್ಲೋ ಅಡಗಿರುತ್ತದೆ. ಅದನ್ನು ಹುಡುಕಿ ಓದಲು ಪಿಎಚ್‌ಡಿ ಬೇಕಿಲ್ಲ. ಪಿಯುಸಿ ಮಟ್ಟದ ಇಂಗ್ಲಿಷ್, ಶೇಕಡಾ ಲೆಕ್ಕ, ಒಂದೂವರೆ ಗಂಟೆ ಬಿಡುವು ಇದ್ದರೆ ಆಯಿತು. ಆಶಾ ಕಾರ್ಯಕರ್ತೆಯರು, ಕೃಷಿಕರು, ಕಾಲೇಜು ವಿದ್ಯಾರ್ಥಿಗಳು, ಸ್ಥಳೀಯ ವರದಿಗಾರರು ಎಲ್ಲರಿಗೂ ಎಟುಕುವ ಕೆಲಸ ಇದು.

ಮೊದಲು ಮೂಲ ಕೈಗೆ ಸಿಗಬೇಕು

ಸುದ್ದಿಯಲ್ಲಿ ಮೂರು ಸುಳಿವು ಹುಡುಕಿ: ಜರ್ನಲ್ ಹೆಸರು, ಸಂಶೋಧಕರ ಅಡ್ಡಹೆಸರು, ಪ್ರಕಟವಾದ ವರ್ಷ. ಮೂರರಲ್ಲಿ ಒಂದೂ ಇಲ್ಲದ ಸುದ್ದಿಯನ್ನು ಅಲ್ಲಿಗೇ ಬಿಟ್ಟುಬಿಡಬಹುದು. ಡಿಒಐ ಸಂಖ್ಯೆ ಕೊಟ್ಟಿದ್ದರೆ ಕೆಲಸ ಅರ್ಧ ಮುಗಿದಂತೆ. ಅದು 10ರಿಂದ ಶುರುವಾಗುವ ಉದ್ದನೆಯ ಸಂಖ್ಯೆ. ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿದರೆ ನೇರ ಪ್ರಬಂಧದ ಪುಟ ತೆರೆಯುತ್ತದೆ.

ಡಿಒಐ ಇಲ್ಲದಿದ್ದರೆ ವೈದ್ಯಕೀಯ ವಿಷಯಕ್ಕೆ ಪಬ್‌ಮೆಡ್, ಉಳಿದದ್ದಕ್ಕೆ ಗೂಗಲ್ ಸ್ಕಾಲರ್. ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳಿಗೆ ಕೃಷಿಕೋಶ, ಇತರ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ಈ ಎರಡೂ ಉಚಿತ. ಜರ್ನಲ್‌ನಲ್ಲಿ ನಾಲ್ಕು ಪುಟಕ್ಕೆ ಇಳಿಸಿದ ಪ್ರಯೋಗದ ಪೂರ್ತಿ ವಿವರ, ಯಾವ ತಿಂಗಳು ಎಷ್ಟು ಮಳೆ ಬಿತ್ತು ಎಂಬುದರವರೆಗೆ, ಅನೇಕ ಸಲ ಥೀಸಿಸ್‌ನಲ್ಲೇ ಸಿಗುತ್ತದೆ.

ನಮ್ಮ ಕಡೆಯ ವಿಷಯ ಹುಡುಕುವಾಗ ಬಹಳ ಜನ ಎಡವುವುದು ಕಾಗುಣಿತದಲ್ಲಿ. ಜಿಲ್ಲೆಯ ಇಂಗ್ಲಿಷ್ ಹೆಸರು ಅಧಿಕೃತವಾಗಿ 'ಶಿವಮೊಗ್ಗ' ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಹೆಚ್ಚಿನ ಪ್ರಬಂಧಗಳಲ್ಲಿ 'ಶಿಮೊಗಾ' ಎಂದೇ ಇದೆ. ಹೊಸ ಹೆಸರಿನಿಂದ ಮಾತ್ರ ಹುಡುಕಿದರೆ ದಶಕಗಳ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಸಾಗರ, ಸೊರಬಗಳ ಕೊನೆಯಲ್ಲಿ ಇಂಗ್ಲಿಷ್ ಅಕ್ಷರ 'ಎ' ಇರಬಹುದು, ಇಲ್ಲದಿರಬಹುದು. ತೀರ್ಥಹಳ್ಳಿಯ 'ತೀ'ಗೆ 'ಎಚ್' ಸೇರಿಸಿಯೂ ಹುಡುಕಿ, ಬಿಟ್ಟೂ ಹುಡುಕಿ. ಅಡಿಕೆಗೆ 'ಅರೆಕಾನಟ್' ಎಂದು ಒಂದೇ ಪದವಾಗಿ ಬರೆಯುವುದು ನಮ್ಮ ಕೃಷಿ ವಿಜ್ಞಾನಿಗಳ ರೂಢಿ; ವೈದ್ಯಕೀಯದವರು 'ಅರೆಕಾ ನಟ್' ಎಂದು ಬಿಡಿಸಿ ಬರೆಯುತ್ತಾರೆ, ಇಲ್ಲವೇ 'ಬೀಟಲ್ ನಟ್' ಎನ್ನುತ್ತಾರೆ. ಮೂರನ್ನೂ ಹಾಕಿ ನೋಡದೆ "ಏನೂ ಸಿಗಲಿಲ್ಲ" ಎನ್ನಬಾರದು.

ಪ್ರಬಂಧದ ಪುಟ ಸಿಕ್ಕಿತು, ಆದರೆ ಓದಲು 30–40 ಡಾಲರ್ ಕೇಳುತ್ತಿದೆ ಎಂದಿಟ್ಟುಕೊಳ್ಳಿ. ಕೊಡಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಆ ಪ್ರಬಂಧದ ಕೆಳಗೆ 'ಆಲ್ ವರ್ಷನ್ಸ್' ಎಂಬ ಕೊಂಡಿ ಇರುತ್ತದೆ. ಒತ್ತಿದರೆ ಲೇಖಕರೇ ಬೇರೆಡೆ ಇಟ್ಟಿರುವ ಉಚಿತ ಪ್ರತಿ ಸಿಗಬಹುದು. ಬ್ರೌಸರ್‌ಗೆ 'ಅನ್‌ಪೇವಾಲ್' ವಿಸ್ತರಣೆ ಹಾಕಿಕೊಂಡರೆ ಕಾನೂನುಬದ್ಧ ಉಚಿತ ಪ್ರತಿ ಇರುವಲ್ಲಿ ಹಸಿರು ಬೀಗ ಕಾಣಿಸುತ್ತದೆ. ಮನೆಯಲ್ಲಿ ಯಾರಾದರೂ ಸರ್ಕಾರಿ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಓದುತ್ತಿದ್ದರೆ ಅವರ ಗ್ರಂಥಾಲಯದಲ್ಲಿ ಕೇಳಿ: 2025ರ ಜನವರಿ 1ರಿಂದ ಜಾರಿಗೆ ಬಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಇದೂ ಆಗದಿದ್ದರೆ ಲೇಖಕರಿಗೇ ಬರೆಯುವುದು. ಮೊದಲ ಪುಟದಲ್ಲಿ 'ಕರೆಸ್ಪಾಂಡಿಂಗ್ ಆಥರ್' ಎಂದು ಒಬ್ಬರ ಇಮೇಲ್ ಇರುತ್ತದೆ. ನೀವು ಯಾರು, ಯಾವ ಊರು, ಯಾವ ಪ್ರಬಂಧ, ಯಾತಕ್ಕೆ ಬೇಕು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. ತಮ್ಮ ಕೆಲಸವನ್ನು ಆ ಊರಿನವರೇ ಓದಲು ಬಯಸುತ್ತಾರೆ ಎಂದರೆ ಹೆಚ್ಚಿನ ಸಂಶೋಧಕರಿಗೆ ಸಂತೋಷವೇ.

ಓದುವ ಮುಂಚೆ ಐದು ನಿಮಿಷ

ಪ್ರಬಂಧ ಇನ್ನೂ ಜೀವಂತ ಇದೆಯೇ ನೋಡಿ. ತಪ್ಪು ಅಥವಾ ಮೋಸ ಸಾಬೀತಾದ ಪ್ರಬಂಧಗಳನ್ನು ಜರ್ನಲ್‌ಗಳು ವಾಪಸು ಪಡೆಯುತ್ತವೆ; 2023ರ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಹೀಗೆ ಹಿಂದಕ್ಕೆ ಹೋದವು 10,000ಕ್ಕೂ ಹೆಚ್ಚು. ಪಬ್‌ಮೆಡ್‌ನಲ್ಲಿ ಅಂಥದ್ದರ ಮೇಲೆ ಎದ್ದು ಕಾಣುವ ಎಚ್ಚರಿಕೆ ಪಟ್ಟಿ ಇರುತ್ತದೆ. ಮೊಬೈಲಿನಲ್ಲಿ ಹರಿದಾಡುವ ಪಿಡಿಎಫ್‌ನಲ್ಲಿ ಇರುವುದಿಲ್ಲ. ಹಾಗಾಗಿ ಫಾರ್ವರ್ಡ್ ಆಗಿ ಬಂದ ಪಿಡಿಎಫ್ ಓದುವ ಮುಂಚೆ ಅದರ ಮೂಲ ಪುಟಕ್ಕೆ ಒಮ್ಮೆ ಹೋಗಿ ಬನ್ನಿ.

ಬಯೋಆರ್‌ಕೈವ್, ಮೆಡ್‌ಆರ್‌ಕೈವ್ ಎಂದಿದ್ದರೆ ಅದು ಪ್ರಿಪ್ರಿಂಟ್: ಸಹತಜ್ಞರ ಪರಿಶೀಲನೆ ಆಗುವ ಮುಂಚೆಯೇ ಹಂಚಿಕೊಂಡದ್ದು. ಓದಬಹುದು, ಅದನ್ನೇ ನಂಬಿ ಔಷಧಿ ಬದಲಿಸಬಾರದು. ಜರ್ನಲ್ ಹೆಸರು ಕೇಳಿದಂತಿಲ್ಲದಿದ್ದರೆ ಪಬ್‌ಮೆಡ್‌ನಲ್ಲೋ ಡಿಒಎಜೆ ಎಂಬ ಉಚಿತ ಜರ್ನಲ್‌ಗಳ ಪಟ್ಟಿಯಲ್ಲೋ ಇದೆಯೇ ನೋಡಿ; ಕೃಷಿ ಜರ್ನಲ್ ಆದರೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಕೊಡುವ ನಾಸ್ ಶ್ರೇಣಿ ನೋಡಿ. ಒಳ್ಳೆಯ ಜರ್ನಲ್‌ಗಳೆಂದು ಯುಜಿಸಿ ಗುರುತಿಸುತ್ತಿದ್ದ ಕೇರ್ ಪಟ್ಟಿಯನ್ನು ಈಗ ಕೈಬಿಡಲಾಗಿದೆ, "ಯುಜಿಸಿ ಮಾನ್ಯತೆ ಪಡೆದ ಜರ್ನಲ್" ಎಂಬ ಜಾಹೀರಾತಿಗೆ ಬೆಲೆ ಕೊಡಬೇಕಿಲ್ಲ. ಮನುಷ್ಯರ ಮೇಲೆ ಔಷಧಿ ಪ್ರಯೋಗ ಮಾಡಿದ ಭಾರತದ ಪ್ರಬಂಧವಾದರೆ ಇಂಥ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಹುಡುಕಿ. 2009ರ ಜೂನ್ 15ರಿಂದ ಅದು ಕಡ್ಡಾಯ. ಆ ಸಂಖ್ಯೆಯಿಂದ ಸಿಟಿಆರ್‌ಐ ತಾಣಕ್ಕೆ ಹೋದರೆ, ಶುರುವಿನಲ್ಲಿ ಏನನ್ನು ಅಳೆಯುತ್ತೇವೆ ಎಂದಿದ್ದರು, ಕೊನೆಗೆ ಏನನ್ನು ಅಳೆದು ಗೆದ್ದೆವು ಎಂದರು ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಎರಡೂ ಬೇರೆಯಾಗಿದ್ದರೆ ಅನುಮಾನಪಡಲು ಕಾರಣವಿದೆ.

ಕೊನೆಗೆ, ಇದು ಯಾವ ಜಾತಿಯ ಪ್ರಬಂಧ ಎಂದು ಗುರುತಿಸಿಕೊಳ್ಳಿ. 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದ ಪ್ರಬಂಧ ಬಂತು. ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಮಾತಿನಿಂದಲೇ ಹೆಸರು ತೆಗೆದು 'ಒಫಿಯೊಫೇಗಸ್ ಕಾಳಿಂಗ' ಎಂದು ಇಟ್ಟರು. ಆಗುಂಬೆಯಲ್ಲಿ ಹೊಸ ಹಾವು ಸಿಕ್ಕಿತೆಂದು ಇದರ ಅರ್ಥವಲ್ಲ. ಅದೇ ಹಾವು, ಅನುವಂಶೀಯತೆ ಮತ್ತು ಮೈಮೇಲಿನ ಲಕ್ಷಣಗಳ ಆಧಾರದ ಮೇಲೆ ವರ್ಗೀಕರಣ ಬದಲಾಯಿತು. ಅದರ ವಿಷಕ್ಕೆ ಏನು ಚಿಕಿತ್ಸೆ ಎಂಬ ಪ್ರಶ್ನೆಗೆ ಇಂಥ ಪ್ರಬಂಧದಲ್ಲಿ ಉತ್ತರ ಹುಡುಕಬಾರದು.

ಯಾವ ಕ್ರಮದಲ್ಲಿ ಓದಬೇಕು

ಮೇಲಿನಿಂದ ಕೆಳಕ್ಕೆ ಓದಬೇಡಿ. ಸಾರಾಂಶ ಎಂದರೆ ಲೇಖಕರು ತಮ್ಮ ಕೆಲಸದ ಬಗ್ಗೆ ತಾವೇ ಹೇಳಿಕೊಂಡ ಮಾತು. ಅದನ್ನು ಮೊದಲು ಓದಿದರೆ ಮುಂದೆಲ್ಲ ಅವರ ಕಣ್ಣಿನಿಂದಲೇ ನೋಡುತ್ತೇವೆ. ಶೀರ್ಷಿಕೆಯಿಂದ ನೇರ ಪೀಠಿಕೆಯ ಕೊನೆಯ ಪ್ಯಾರಾಗೆ ಹೋಗಿ, ಪ್ರಶ್ನೆ ಏನು ಎಂಬುದು ಅಲ್ಲಿರುತ್ತದೆ. ಅದನ್ನು ಕನ್ನಡದಲ್ಲಿ ಒಂದು ಸಾಲಾಗಿ ಬರೆದುಕೊಳ್ಳಿ. ನಂತರ 'ಮೆಥಡ್ಸ್' ಭಾಗ, ನಂತರ ಕೋಷ್ಟಕಗಳು, ಆಮೇಲೆ ಫಲಿತಾಂಶದ ಬರಹ. ಚರ್ಚೆಯ ಭಾಗದಲ್ಲಿ 'ಲಿಮಿಟೇಷನ್ಸ್' ಎಂಬ ಪದ ಹುಡುಕಿ, ಆ ಪ್ಯಾರಾವನ್ನು ಎರಡು ಸಲ ಓದಿ. ಸಾರಾಂಶ ಎಲ್ಲಕ್ಕಿಂತ ಕೊನೆಗೆ, ಕೋಷ್ಟಕಕ್ಕೂ ಅದಕ್ಕೂ ತಾಳೆ ಇದೆಯೇ ನೋಡಲು.

ಮೆಥಡ್ಸ್ ಓದುವಾಗ ಒಂದೇ ಪರೀಕ್ಷೆ: ಇದನ್ನು ನೋಡಿಕೊಂಡು ಬೇರೆಯವರು ಅದೇ ಕೆಲಸ ಮಾಡಬಲ್ಲರೇ? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ತಯಾರಾದ ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಇಷ್ಟು ಖಚಿತವಾಗಿ ಹೇಳಿದ್ದರಿಂದಲೇ ಅದು ತೋಟದಿಂದ ತೋಟಕ್ಕೆ ಹೋಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಮೇಲೆ ಪ್ರಕಟಿಸಿದ ವರದಿ 'ಕೊಳೆರೋಗ' ಎಂಬ ಕನ್ನಡ ಪದವನ್ನೇ ಇಟ್ಟುಕೊಂಡಿತು. ಸಸ್ಯರೋಗ ಶಾಸ್ತ್ರದಲ್ಲಿ ಅದು ಇಂದಿಗೂ ಹಾಗೇ ಇದೆ. "ಸೂಕ್ತ ಪ್ರಮಾಣದಲ್ಲಿ ಸಿಂಪಡಿಸಲಾಯಿತು" ಎಂದು ಮಾತ್ರ ಬರೆದ ಪ್ರಬಂಧದಿಂದ ಯಾರಿಗೂ ಉಪಯೋಗವಿಲ್ಲ.

ಒಂದು ಲಸಿಕೆ, ಎರಡು ಉತ್ತರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಟ್ಟದ್ದು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್‌ನ ಲಸಿಕೆ. 1990–92ರ ಕ್ಷೇತ್ರ ಪ್ರಯೋಗದ ಪ್ರಕಾರ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ. 2005ರಿಂದ 2010ರವರೆಗಿನ ಮಾಹಿತಿ ಬಳಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಡೋಸಿನಿಂದ ಹೇಳಿಕೊಳ್ಳುವಂಥ ರಕ್ಷಣೆಯೇ ಇಲ್ಲ, ಎರಡಕ್ಕೆ ಶೇ. 62.4, ಎರಡರ ಮೇಲೆ ಬೂಸ್ಟರ್ ಪಡೆದವರಿಗೆ ಶೇ. 82.9. ಒಂದೇ ಲಸಿಕೆ, ಅದೇ ಮಲೆನಾಡು. ಯಾವುದು ಸುಳ್ಳು?

ಯಾವುದೂ ಸುಳ್ಳಾಗಬೇಕಿಲ್ಲ. ಮೊದಲನೆಯದು ಪ್ರಯೋಗವೆಂದೇ ನಡೆಸಿದ್ದು. ಎರಡನೆಯದು ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾಡಿಗಳಿಗೆ, ಒಂಟಿ ಮನೆಗಳಿಗೆ ದಿನನಿತ್ಯದ ವ್ಯವಸ್ಥೆಯಲ್ಲಿ ಹೋದಾಗ ಏನಾಯಿತು ಎಂದು ಕೇಳಿದ್ದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಎಫಿಕಸಿ', ಎರಡನೆಯದಕ್ಕೆ 'ಎಫೆಕ್ಟಿವ್‌ನೆಸ್' ಎನ್ನುತ್ತಾರೆ. ಪತ್ರಿಕೆಯ ಭಾಷಾಂತರದಲ್ಲಿ ಎರಡೂ 'ಪರಿಣಾಮಕಾರಿ' ಎಂದೇ ಆಗಿಬಿಡುತ್ತವೆ, ಗೊಂದಲ ಅಲ್ಲೇ ಶುರು. ನಮ್ಮೂರಿನ ತೀರ್ಮಾನಕ್ಕೆ ಬೇಕಾದದ್ದು ಎರಡನೆಯದು.

ಈಗ ಆ 62.4ರ ಪಕ್ಕದ ಆವರಣ ನೋಡಿ: 26.1ರಿಂದ 80.8. ಇದೇ ಕಾನ್ಫಿಡೆನ್ಸ್ ಇಂಟರ್ವಲ್. ಸರಳವಾಗಿ ಹೇಳುವುದಾದರೆ, ಸಿಕ್ಕ ಮಾಹಿತಿಗೆ ಹೊಂದುವ ನಿಜವಾದ ರಕ್ಷಣೆ ಶೇ. 26ರಷ್ಟು ಕಡಿಮೆಯೂ ಇರಬಹುದು, 81ರ ಹತ್ತಿರವೂ ಇರಬಹುದು. ಬೂಸ್ಟರ್ ಪಡೆದವರದ್ದು 71.3ರಿಂದ 89.8, ಅಂದರೆ ಅಂತರ ಬಿಗಿಯಾಗಿದೆ, ಅಂದಾಜು ಗಟ್ಟಿ. ನಡುವಿನ ಅಂಕಿಯನ್ನಷ್ಟೇ ಹೇಳಿ ಅಂತರ ಬಿಡುವ ಸುದ್ದಿ ಅರ್ಧ ಸತ್ಯ ಹೇಳಿದಂತೆ.

ಶೇಕಡಾವನ್ನು ತಲೆ ಎಣಿಕೆಗೆ ಇಳಿಸಿ ನೋಡುವುದು ಮುಂದಿನ ಹೆಜ್ಜೆ. ಲೆಕ್ಕಕ್ಕೆ ಮಾತ್ರ ಹೀಗಿಟ್ಟುಕೊಳ್ಳಿ: ಲಸಿಕೆ ಪಡೆಯದ 1,000 ಜನರಲ್ಲಿ ಒಂದು ಹಂಗಾಮಿನಲ್ಲಿ 8 ಮಂದಿಗೆ ಕಾಯಿಲೆ. ರಕ್ಷಣೆ ಶೇ. 62.4 ಆದರೆ ಎರಡು ಡೋಸ್ ಪಡೆದ 1,000 ಜನರಲ್ಲಿ 3 ಮಂದಿಗೆ. ತಪ್ಪಿದ್ದು 5, ಅಂದರೆ ಒಂದು ಪ್ರಕರಣ ತಪ್ಪಿಸಲು 200 ಜನರಿಗೆ ಲಸಿಕೆ. ಇಂಟರ್ವಲ್‌ನ ಕೆಳತುದಿ ಹಿಡಿದರೆ 8ರ ಜಾಗದಲ್ಲಿ ಸುಮಾರು 6, ಮೇಲ್ತುದಿ ಹಿಡಿದರೆ ಒಂದೂವರೆ. ಕಾಯಿಲೆಯೇ ಅಪರೂಪವಾದ ಊರಿನಲ್ಲಿ ಅದೇ 62.4ರಿಂದ ತಪ್ಪುವ ಪ್ರಕರಣ ಇನ್ನೂ ಕಡಿಮೆ. ಅದಕ್ಕೇ ಶೇಕಡಾ ಕಂಡಲ್ಲೆಲ್ಲ "ಎಷ್ಟರಲ್ಲಿ ಎಷ್ಟು?" ಎಂದು ಕೇಳಬೇಕು.

ಇನ್ನೊಂದು ಪ್ರಶ್ನೆ ಅಂಕಿಯಲ್ಲಿ ಕಾಣುವುದಿಲ್ಲ. ಈ ಲಸಿಕೆಯ ಪೂರ್ತಿ ಸರಣಿ ಉದ್ದ: ಒಂದು ತಿಂಗಳ ಅಂತರದಲ್ಲಿ ಎರಡು, 6–9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಮೂರನೇ ಸಲವೂ ಬಂದು ಕೈ ಒಡ್ಡುವವರು ಯಾರು? ಸೌದೆಗೆ, ಸೊಪ್ಪಿಗೆ ದಿನಾ ಕಾಡಿಗೆ ಹೋಗುವ ಕೂಲಿಯವರು ಕ್ಯಾಂಪ್ ನಡೆಯುವ ಹಗಲು ಊರಲ್ಲಿರುವುದಿಲ್ಲ. ಬೂಸ್ಟರ್ ಪಡೆದ ಗುಂಪು ಮೊದಲೇ ಉಣ್ಣಿಗೆ ಕಡಿಮೆ ಸಿಗುವವರ ಗುಂಪಾಗಿದ್ದರೆ ಲಸಿಕೆಯ ಲೆಕ್ಕಕ್ಕೆ ಅವರ ಜೀವನಕ್ರಮದ ಲಾಭವೂ ಸೇರಿರುತ್ತದೆ. ಇಂಥ ಅಧ್ಯಯನ ಯಾವುದೇ ಇರಲಿ, ಈ ವ್ಯತ್ಯಾಸವನ್ನು ಸರಿದೂಗಿಸಿದ್ದಾರೆಯೇ ಎಂದು ಮೆಥಡ್ಸ್‌ನಲ್ಲಿ ಹುಡುಕಿ. ಈ ಲಸಿಕೆ ಕೊಡುವುದನ್ನು ರಾಜ್ಯದಲ್ಲಿ 2022ರಲ್ಲಿ ನಿಲ್ಲಿಸಲಾಯಿತು. ಮುಂದೆ ಬರುವ ಹೊಸ ಲಸಿಕೆಯ ಪ್ರಬಂಧಗಳಿಗೂ ಕೇಳಬೇಕಾದ ಪ್ರಶ್ನೆಗಳು ಇವೇ.

ಎಲೆಚುಕ್ಕೆ ಪ್ರಯೋಗದ ಕೋಷ್ಟಕ

ಕೃಷಿ ಪ್ರಬಂಧ ಬೇರೆ ಭಾಷೆ ಮಾತಾಡುತ್ತದೆ. ಅಡಿಕೆ ಎಲೆಚುಕ್ಕೆಗೆ ಕೊಲೆಟೋಟ್ರೈಕಮ್, ಫಿಲೊಸ್ಟಿಕ್ಟಾ ಎಂಬ ಶಿಲೀಂಧ್ರಗಳು ಕಾರಣವೆಂದು ಗುರುತಿಸಲಾಗಿದೆ. ಔಷಧಿ ಪರೀಕ್ಷೆ ಎರಡು ಕಡೆ ನಡೆಯುತ್ತದೆ: ಲ್ಯಾಬಿನ ತಟ್ಟೆಯಲ್ಲಿ, ತೋಟದಲ್ಲಿ. ತಟ್ಟೆಯ ಪರೀಕ್ಷೆಯನ್ನು 'ಇನ್ ವಿಟ್ರೊ' ಎನ್ನುತ್ತಾರೆ. ಔಷಧಿ ಬೆರೆಸಿದ ಮಾಧ್ಯಮದ ಮೇಲೆ ಶಿಲೀಂಧ್ರ ಒಂದಿಷ್ಟೂ ಬೆಳೆಯಲಿಲ್ಲ (ಶೇ. 100 ತಡೆ) ಎಂದರೆ ಆ ಔಷಧಿಯನ್ನು ತೋಟದಲ್ಲಿ ಪರೀಕ್ಷಿಸಲು ಯೋಗ್ಯ ಎಂದಷ್ಟೇ ಅರ್ಥ. ತಟ್ಟೆಯ ಮೇಲೆ ಜಡಿಮಳೆ ಸುರಿಯುವುದಿಲ್ಲ, ನಲವತ್ತು ಅಡಿ ಎತ್ತರದ ಮರದ ಸೋಗೆಯ ಅಡಿಭಾಗಕ್ಕೆ ದೋಟಿಯಿಂದ ಔಷಧಿ ಮುಟ್ಟಿಸುವ ಕಷ್ಟವೂ ಅಲ್ಲಿಲ್ಲ.

ಪ್ರಮಾಣದಲ್ಲಿ ಮೋಸಹೋಗುವುದು ಸುಲಭ. ತಟ್ಟೆಯ ಪರೀಕ್ಷೆಯಲ್ಲಿ ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು) ಎಂದು ಬರೆಯುತ್ತಾರೆ, ತೋಟದಲ್ಲಿ ಲೀಟರಿಗೆ ಇಷ್ಟು ಮಿ.ಲೀ. ಎಂದು. ಪ್ರೊಪಿಕೊನಜೋಲ್ 25 ಇಸಿ ಡಬ್ಬಿಯಲ್ಲಿ ಲೀಟರಿಗೆ 250 ಗ್ರಾಂ ಮೂಲವಸ್ತು ಇರುತ್ತದೆ. ಲೀಟರ್ ನೀರಿಗೆ 1 ಮಿ.ಲೀ. ಹಾಕಿದರೆ 0.25 ಗ್ರಾಂ, ಅಂದರೆ 250 ಪಿಪಿಎಂ. ತಟ್ಟೆಯಲ್ಲಿ 500 ಪಿಪಿಎಂ ಮೂಲವಸ್ತುವಿಗೆ ಗೆದ್ದ ಔಷಧಿಯನ್ನು ತೋಟದಲ್ಲಿ ಅದರ ಅರ್ಧಕ್ಕೆ ಹೊಡೆದು "ಕೆಲಸ ಮಾಡಲಿಲ್ಲ" ಎಂದರೆ ಅದು ಹೋಲಿಕೆಯೇ ಅಲ್ಲ. ಶೇ. 0.1 ಎಂದು ಬರೆದಿದ್ದರೆ ಡಬ್ಬಿಯ ದ್ರವದ್ದೋ ಮೂಲವಸ್ತುವಿನದ್ದೋ ಖಚಿತಪಡಿಸಿಕೊಳ್ಳಿ. ಎರಡರ ನಡುವೆ ನಾಲ್ಕು ಪಟ್ಟು ವ್ಯತ್ಯಾಸ.

ತೋಟದ ಪ್ರಯೋಗದ ಕೋಷ್ಟಕದಲ್ಲಿ ಎಡಗಡೆ ಟಿ1, ಟಿ2 ಎಂದು ಉಪಚಾರಗಳು, ಬಲಗಡೆ 'ಪಿಡಿಐ' ಎಂಬ ಅಂಕಣ. ಅದು ರೋಗದ ಸೂಚ್ಯಂಕ. ಲೆಕ್ಕ ಹೀಗೆ: 50 ಎಲೆ ನೋಡಿ, ಪ್ರತಿಯೊಂದಕ್ಕೂ ಚುಕ್ಕೆಯ ತೀವ್ರತೆಗೆ ತಕ್ಕಂತೆ 0ರಿಂದ 5ರವರೆಗೆ ಅಂಕ. 10 ಎಲೆಗೆ 0, 15ಕ್ಕೆ 1, 10ಕ್ಕೆ 2, 10ಕ್ಕೆ 3, 5ಕ್ಕೆ 4 ಬಂದರೆ ಒಟ್ಟು 85. ಗರಿಷ್ಠ ಸಾಧ್ಯ ಅಂಕ 50 ಗುಣಿಸು 5, ಅಂದರೆ 250. 85ನ್ನು 250ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪಿಡಿಐ 34. ಇಲ್ಲಿ ಎಚ್ಚರ ಬೇಕು: ಪಿಡಿಐ 34 ಎಂದರೆ ಶೇ. 34 ಎಲೆಗಳಿಗೆ ರೋಗ ಎಂದಲ್ಲ. ನಮ್ಮ ಲೆಕ್ಕದಲ್ಲಿ 50ರಲ್ಲಿ 40 ಎಲೆಗೆ, ಅಂದರೆ ಶೇ. 80ಕ್ಕೆ, ಚುಕ್ಕೆ ಇದೆ. "ರೋಗ ಶೇ. 34ಕ್ಕೆ ಇಳಿಯಿತು" ಎಂದು ಓದಿ ತೋಟಕ್ಕೆ ಹೋದವರಿಗೆ ಎಲ್ಲೆಲ್ಲೂ ಚುಕ್ಕೆಯೇ ಕಂಡರೆ ಆಶ್ಚರ್ಯವಿಲ್ಲ.

ಕೋಷ್ಟಕದ ತಳದಲ್ಲಿ 'ಸಿಡಿ' ಎಂಬ ಸಾಲು ಇರುತ್ತದೆ. ರೈತನಿಗೆ ಇಡೀ ಪ್ರಬಂಧದಲ್ಲಿ ಅತಿ ಬೆಲೆಬಾಳುವ ಅಂಕಿ ಅದು. ಎರಡು ಉಪಚಾರಗಳ ನಡುವಿನ ವ್ಯತ್ಯಾಸ ಸಿಡಿಗಿಂತ ಕಡಿಮೆ ಇದ್ದರೆ ಅವೆರಡನ್ನೂ ಸಮ ಎಂದು ಹಿಡಿಯಬೇಕು. ಉದಾಹರಣೆಗೆ ಟಿ3ರ ಪಿಡಿಐ 18.4, ಟಿ5ರದ್ದು 21.0, ಸಿಡಿ 4.2 ಎಂದಿರಲಿ. ವ್ಯತ್ಯಾಸ 2.6. ಪ್ರಬಂಧ "ಟಿ3 ಅತ್ಯುತ್ತಮ" ಎಂದು ಬರೆದಿದ್ದರೂ ಟಿ5 ಅರ್ಧ ಬೆಲೆಗೆ ಸಿಗುವುದಾದರೆ ಟಿ5 ತನ್ನಿ. ಸಿಡಿ ಜಾಗದಲ್ಲಿ 'ಎನ್‌ಎಸ್' ಎಂದಿದ್ದರೆ ಯಾವ ಔಷಧಿಗೂ ಯಾವುದಕ್ಕೂ ವ್ಯತ್ಯಾಸ ಕಂಡಿಲ್ಲ. ಕೆಲವರು ಸಿಡಿ ಬದಲು ಅಂಕಿಯ ತಲೆಯ ಮೇಲೆ ಎ, ಬಿ, ಸಿ ಅಕ್ಷರ ಹಾಕುತ್ತಾರೆ; ಒಂದೇ ಅಕ್ಷರ ಹಂಚಿಕೊಂಡವು ಸಮ.

ಆಮೇಲೆ ಕೇಳಬೇಕಾದದ್ದು ಔಷಧಿ ಹೊಡೆಯದೆ ಬಿಟ್ಟ ಮರಗಳ ಕಥೆ. ಅವುಗಳಲ್ಲೇ ರೋಗ ಕಡಿಮೆಯಿದ್ದ ವರ್ಷ ಎಲ್ಲ ಔಷಧಿಯೂ ಗೆಲ್ಲುತ್ತದೆ. ಒಂದೇ ಹಂಗಾಮಿನ, ಒಂದೇ ಊರಿನ ಪ್ರಯೋಗವನ್ನು ಸುಳಿವು ಎಂದು ಇಟ್ಟುಕೊಳ್ಳಿ. ಎರಡು ಹಂಗಾಮು, ಎರಡು ಊರು ದಾಟಿದ್ದನ್ನು ನಂಬಿ ಹಣ ಹಾಕಬಹುದು.

ಅಡಿಕೆ ಮತ್ತು ಕ್ಯಾನ್ಸರ್

ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ 85ನೇ ಸಂಪುಟದಲ್ಲಿ ಅಡಿಕೆಯನ್ನೂ ಹೊಗೆಸೊಪ್ಪಿಲ್ಲದ ಕವಳವನ್ನೂ ಒಂದನೇ ಗುಂಪಿಗೆ ಸೇರಿಸಿತು. ಈ ಗುಂಪಿಗೆ ಸೇರಲು ಬೇಕಾದದ್ದು ಸಾಕ್ಷ್ಯದ ಗಟ್ಟಿತನ: ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂಬುದು ಖಚಿತವೇ? ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಗುಂಪಿನ ಸಂಖ್ಯೆ ಹೇಳುವುದಿಲ್ಲ. ಬೀಡಿ ಸಿಗರೇಟಿನ ಹೊಗೆ, ಮದ್ಯ, ಬಿಸಿಲು, 2015ರಿಂದ ಸಂಸ್ಕರಿತ ಮಾಂಸ ಎಲ್ಲವೂ ಇದೇ ಗುಂಪಿನಲ್ಲಿವೆ. ಅವುಗಳ ಅಪಾಯ ಒಂದೇ ಅಳತೆಯದಲ್ಲ. ಹಾಗೆಂದು ಗುಂಪನ್ನೇ ತಳ್ಳಿಹಾಕುವಂತಿಲ್ಲ.

"ಅದು ಹೊಗೆಸೊಪ್ಪಿನದೇ ದೋಷ, ಅಡಿಕೆಯದ್ದಲ್ಲ" ಎಂಬ ಮಾತು ನಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಬೇಕಾದದ್ದು ತೈವಾನ್‌ನ ಅಧ್ಯಯನಗಳಲ್ಲಿ: ಅಲ್ಲಿಯ ಕವಳಕ್ಕೆ ಸಾಮಾನ್ಯವಾಗಿ ಹೊಗೆಸೊಪ್ಪು ಹಾಕುವುದಿಲ್ಲ, ಆದರೂ ಬಾಯಿ ಕ್ಯಾನ್ಸರ್‌ಗೂ ಅಡಿಕೆಗೂ ನಂಟು ಕಂಡಿದೆ. ಬಾಯಿ ತೆರೆಯಲಾಗದಂತೆ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗಂತೂ ಅಡಿಕೆ ಜಗಿಯುವುದೇ ಮುಖ್ಯ ಕಾರಣ. 2024ರಲ್ಲಿ ಬಂದ ಒಂದು ಅಂದಾಜು 2022ರಲ್ಲಿ ಜಗತ್ತಿನಲ್ಲಿ ಸುಮಾರು 1,20,200 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ, ಅದರಲ್ಲಿ ಭಾರತದ 83,400ಕ್ಕೆ, ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ ಎಂದಿತು. ಇದನ್ನು ಓದುವಾಗ 'ಮತ್ತು' ಪದದ ಮೇಲೆ ಬೆರಳಿಡಿ. ಒಟ್ಟು ಅಂಕಿ ಎರಡಕ್ಕೂ ಸೇರಿದ್ದು. "ಅಡಿಕೆಯಿಂದ 83,400" ಎಂದು ಬರೆದ ಸುದ್ದಿ ತಪ್ಪು. "ಎಲ್ಲವೂ ತಂಬಾಕಿನದು" ಎಂದು ಹೇಳುವ ಫಾರ್ವರ್ಡ್ ಕೂಡ ಅಷ್ಟೇ ತಪ್ಪು.

ಹಾಗಾದರೆ ಅಡಿಕೆಯ ಸಾರದಲ್ಲಿ ಔಷಧೀಯ ಗುಣ ಕಂಡ ಪ್ರಬಂಧಗಳು? ಮೆಥಡ್ಸ್ ತೆರೆಯಿರಿ. ಜೀವಕೋಶಗಳ ಮೇಲೋ ಇಲಿಯ ಮೇಲೋ, ಸಾರವನ್ನು ಯಾವ ದ್ರಾವಕದಲ್ಲಿ ತೆಗೆದದ್ದು, ಎಷ್ಟು ದಿನ ಕೊಟ್ಟದ್ದು ನೋಡಿ. ಇಲಿಗೆ ಕೆಲವು ವಾರ ಬಾಯಿಯ ಮೂಲಕ ಕೊಟ್ಟ ಸಾರ ಗಾಯ ಮಾಯಿಸಿದ್ದು ನಿಜವೇ ಇರಬಹುದು. ಮೂವತ್ತು ವರ್ಷ ದವಡೆಯಲ್ಲಿ ಕವಳ ಇಟ್ಟುಕೊಂಡವರ ಬಾಯಿಗೆ ಅದು ಉತ್ತರ ಕೊಡುವುದಿಲ್ಲ. ಅಡಿಕೆಯಿಂದ ಬಣ್ಣ, ಔಷಧಿ ಮೊದಲಾದ ಬೇರೆ ಉಪಯೋಗ ಹುಡುಕುವ ಸಂಶೋಧನೆ ಬೆಳೆಗಾರರಿಗೆ ಬೇಕೇ ಬೇಕು, ಅದಕ್ಕೆ ಜಗಿಯುವುದರ ಅಪಾಯ ಮುಚ್ಚಿಡಬೇಕಿಲ್ಲ.

ನಕ್ಷೆ, ದನ, ಸಂದರ್ಶನ

2020ರಲ್ಲಿ ಪ್ರಕಟವಾದ ಒಂದು ಮಾದರಿ ಅಧ್ಯಯನ ಮಂಗನ ಕಾಯಿಲೆಯ ಅಪಾಯ ನಿತ್ಯಹರಿದ್ವರ್ಣ ಕಾಡೂ ತೋಟವೂ ಹೆಣೆದುಕೊಂಡ ಕಡೆ, ಊರ ದನಗಳ ಸಾಂದ್ರತೆ ಹೆಚ್ಚಿರುವ ಕಡೆ ಜಾಸ್ತಿ ಎಂದು ತೋರಿಸಿತು. ಇದನ್ನು ಓದಿ "ದನ ಮಾರಿಬಿಡಿ" ಎಂಬ ಸಲಹೆಗೆ ಹಾರಬಾರದು. ಇಂಥ ನಕ್ಷೆ ಭೂಮಿಯನ್ನು ಚೌಕಗಳಾಗಿ ಭಾಗಿಸಿ ಚೌಕದಿಂದ ಚೌಕಕ್ಕೆ ಹೋಲಿಸುತ್ತದೆ. ದನ ಹೆಚ್ಚಿರುವ ಚೌಕದಲ್ಲಿ ಕಾಯಿಲೆ ಹೆಚ್ಚು ಎಂದ ಮಾತ್ರಕ್ಕೆ ಆ ಚೌಕದಲ್ಲಿ ದನ ಇರುವ ಮನೆಯವರಿಗೇ ಬಂತು ಎಂದಾಗುವುದಿಲ್ಲ. ದನ ಉಣ್ಣಿಗೆ ಆಹಾರ ಒದಗಿಸುವುದರಿಂದ ಆಗಿರಬಹುದು, ದನ ಮೇಯಿಸಲು ಜನ ಕಾಡಿನೊಳಗೆ ಹೋಗುವುದರಿಂದಲೂ ಆಗಿರಬಹುದು. ಮೊದಲನೆಯದಾದರೆ ದನದ ಮೈಯ ಉಣ್ಣಿಗೆ ಮದ್ದು, ಎರಡನೆಯದಾದರೆ ಮೇಯಿಸುವವರ ಕಾಲಿಗೆ ರಕ್ಷಣೆ. ಉಪಾಯವೇ ಬೇರೆಯಾಗುತ್ತದೆ. ನಕ್ಷೆ ಆರೋಗ್ಯ ಇಲಾಖೆಗೆ ಯಾವ ಪಂಚಾಯಿತಿಯಲ್ಲಿ ಮೊದಲು ಉಣ್ಣಿ ಸಮೀಕ್ಷೆ ಮಾಡಬೇಕೆಂದು ಹೇಳಬಲ್ಲದು. ನಿಮ್ಮ ಕೊಟ್ಟಿಗೆಯ ಬಗ್ಗೆ ಹೇಳಲಾರದು.

ಸಂದರ್ಶನ ಆಧಾರಿತ ಸಮಾಜವಿಜ್ಞಾನ ಪ್ರಬಂಧದಲ್ಲಿ ಸಿಡಿ, ಶೇಕಡಾ ಹುಡುಕಬೇಡಿ. 30 ಜನರನ್ನು ಮಾತಾಡಿಸಿದ್ದೇ ದೋಷವಲ್ಲ. ಯಾರ ಮೂಲಕ ಆ 30 ಜನ ಸಿಕ್ಕರು ನೋಡಿ: ಪಂಚಾಯಿತಿ ಅಧ್ಯಕ್ಷರು ತೋರಿಸಿದ ಮನೆಗಳೇ ಆದರೆ ಊರಂಚಿನ ಕೂಲಿಯವರು ಬಿಟ್ಟುಹೋಗಿರುತ್ತಾರೆ. ಮಾತು ಕನ್ನಡದಲ್ಲಿ ನಡೆಯಿತೇ, ಭಾಷಾಂತರಿಸಿದವರು ಯಾರು, ಹೆಂಗಸರನ್ನು ಮನೆಯ ಗಂಡಸರ ಎದುರಿಗೇ ಕೇಳಿದರೇ? 'ಕಾಡು' ಎಂದು ನಮ್ಮವರು ಹೇಳಿದ್ದು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಹೋಗಿರುತ್ತದೆ. ಸೊಪ್ಪಿನಬೆಟ್ಟ, ಕಾನು, ಮೀಸಲು ಅರಣ್ಯ ಇವು ಮೂರಕ್ಕೂ ಹಕ್ಕು ಬೇರೆ, ಓಡಾಟ ಬೇರೆ, ಉಣ್ಣಿಯ ಅಪಾಯವೂ ಬೇರೆ ಇರಬಹುದು. ಪ್ರಬಂಧ ಈ ಭೇದ ಉಳಿಸಿಕೊಂಡಿದ್ದರೆ ಬರೆದವರು ನಿಜವಾಗಿ ಇಲ್ಲಿ ಕೂತು ಕೇಳಿಸಿಕೊಂಡಿದ್ದಾರೆ.

ಹಂಚುವ ಮುಂಚೆ

ಎಐ ಆ್ಯಪ್‌ಗಳಿಗೆ ಕೊಟ್ಟು ಸಾರಾಂಶ ಕೇಳುವುದು ಈಗ ಸುಲಭ. ಕಷ್ಟದ ವಾಕ್ಯ ಅರ್ಥಮಾಡಿಕೊಳ್ಳಲು ಬಳಸಿ. ಆದರೆ "ಈ ವಿಷಯದ ಪ್ರಬಂಧ ಕೊಡು" ಎಂದಾಗ ಅವು ಇಲ್ಲದ ಪ್ರಬಂಧವನ್ನು ಲೇಖಕರ ಹೆಸರು ಸಮೇತ ಹುಟ್ಟಿಸುವುದುಂಟು. ಕೊಟ್ಟ ಡಿಒಐ ತೆರೆದುಕೊಳ್ಳದಿದ್ದರೆ, ಅಥವಾ ಬೇರೆಯದೇ ಪ್ರಬಂಧ ತೆರೆದರೆ, ಬಿಟ್ಟುಬಿಡಿ. ಅಂಕಿಗಳನ್ನಂತೂ ಕೋಷ್ಟಕದಿಂದಲೇ ನಿಮ್ಮ ಕೈಯಿಂದ ಎತ್ತಿ ಬರೆಯಿರಿ.

ಗುಂಪಿಗೆ ಹಾಕುವುದಾದರೆ ಐದು ಸಂಗತಿ ಇರಲಿ: ಎಲ್ಲಿ, ಯಾರ ಮೇಲೆ ಅಥವಾ ಯಾವುದರ ಮೇಲೆ, ಯಾವುದಕ್ಕೆ ಹೋಲಿಸಿ, ಎಷ್ಟು ವ್ಯತ್ಯಾಸ, ಅಂದಾಜಿನ ಅಂತರ ಎಷ್ಟು. ಲಸಿಕೆಯ ಪ್ರಬಂಧಕ್ಕೆ ಅದು ಹೀಗಾಗುತ್ತದೆ: "ಕರ್ನಾಟಕ, 2005–10ರ ಮಾಹಿತಿ, ಪ್ರಕಟಣೆ 2013. ಮಂಗನ ಕಾಯಿಲೆಯ ಹಳೆಯ ಲಸಿಕೆ. ಲಸಿಕೆ ಪಡೆಯದವರಿಗೆ ಹೋಲಿಸಿದರೆ ಎರಡು ಡೋಸಿಗೆ ಶೇ. 62.4 ರಕ್ಷಣೆ, ಅಂತರ 26.1ರಿಂದ 80.8. ಬೂಸ್ಟರ್ ಸೇರಿದರೆ 82.9, ಅಂತರ 71.3ರಿಂದ 89.8. ಒಂದೇ ಡೋಸಿಗೆ ರಕ್ಷಣೆ ಕಂಡಿಲ್ಲ. ಈ ಲಸಿಕೆ 2022ರಿಂದ ಬಳಕೆಯಲ್ಲಿಲ್ಲ." ಕೆಳಗೆ ಡಿಒಐ, ಓದಿದ ದಿನಾಂಕ. ಆರು ತಿಂಗಳ ನಂತರ ಯಾರಾದರೂ ಅದನ್ನೇ ಮತ್ತೆ ಎತ್ತಿದರೆ ಮೂಲ ಪುಟ ತೆರೆದು ತಿದ್ದುಪಡಿ ಬಂದಿದೆಯೇ ನೋಡಿ, ದಿನಾಂಕ ಬದಲಿಸಿ ಹಾಕಿ.